ಒಂದೇ ಬಳಿಯ ರಕ್ತ

ವಿನಯಾ ಟ್ಯೂಬಿಗೆ ಚೀಟಿ ಅಂಟಿಸಿದಳೆಂದರೆ ಅದನ್ನು ಎರಡನೇ ಸಲ ನೋಡುವ ಅಭ್ಯಾಸ ಆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಬ್ರಹ್ಮಾವರದಲ್ಲಿ ಹೆದ್ದಾರಿಗೆ ಮುಖ ಮಾಡಿ ನಿಂತ ಕಟ್ಟಡ ಅದು. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ಕ್ಯಾನ್ಸರ್ ಔಷಧಿಯ ಸಂಶೋಧನೆ. ಬೈಂದೂರಿನಿಂದ ಹಿಡಿದು ಬ್ರಹ್ಮಾವರದ ತನಕ ಇನ್ನೂರ ಹನ್ನೆರಡು ರೋಗಿಗಳ ರಕ್ತ ಆ ಮೆಟ್ಟಿಲು ಹತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ವಿನಯಾ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆ ಸುತ್ತಿ ತಂದದ್ದು. ಹೊಸದಾಗಿ ಸೇರಿದವರಿಗೆ ಡಾಕ್ಟರ್ ಶ್ರೀಲತಾ ಹೇಳುವ ಮೊದಲ ಪಾಠವೇ ಇದು: "ಸಂದೇಹ ಬಂದರೆ ಯಂತ್ರವನ್ನು ಸಂದೇಹಿಸಿ, ವಿನಯಾಳನ್ನಲ್ಲ." ಡಾಕ್ಟರ್ ಶ್ರೀಲತಾ ಎಂದರೆ ಆ ಯೋಜನೆಗೇ ಯಜಮಾನಿ, ಸುಲಭಕ್ಕೆ ಯಾರನ್ನೂ ಹೊಗಳುವ ಪೈಕಿ ಅಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ವಿನಯಾ ನಕ್ಕಂತೆ ಮಾಡಿ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ನಾಚಿಕೆಯ ಹೆಂಗಸು ಎಂದುಕೊಂಡಿದ್ದರು ಎಲ್ಲರೂ.

ನಾಚಿಕೆಯೂ ಅಲ್ಲ, ಎಂತದೂ ಅಲ್ಲ. ನಲವತ್ತೇಳನೇ ನಂಬರಿನ ಟ್ಯೂಬು ಒಂಬತ್ತು ತಿಂಗಳಿನಿಂದ ಅವಳ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅನ್ನದ ಉಂಡೆ ನುಂಗಿದರೂ ಹೋಗದ ಮುಳ್ಳು.

ಏಪ್ರಿಲ್ ತಿಂಗಳ ಆ ಶುಕ್ರವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ವಿಶಾಲ್ ಅವಳನ್ನು ಕರೆದ. ಸಿದ್ದಾಪುರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಹುಡುಗ, ಅಂಕಿಅಂಶದಲ್ಲಿ ಎಂಎಸ್ಸಿ ಮಾಡಿದವನು.

"ಹ್ವಾಯ್ ವಿನಯಕ್ಕ, ಇಲ್ಲೊಂದ್ ಸರ್ತಿ ಬನ್ನಿ ಕಾಂಬ. ನಲ್ವತ್ತೇಳ್ ಯಾರದ್ದ್?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ವಿನಯಾ ಮುಟ್ಟಿ ನೋಡಿಕೊಳ್ಳದಿರಲು ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು. "ಬೀಜಾಡಿಯ ಸೀತು. ಮೀನು ಮಾರುವವರು," ಎಂದಳು. ಪುಸ್ತಕ ನೋಡದೆ ಹೇಳಿಬಿಟ್ಟದ್ದು ತಪ್ಪಾಯಿತೇನೋ ಎಂದು ಆಮೇಲೆ ಅನಿಸಿತು. ಇನ್ನೂರ ಹನ್ನೆರಡರಲ್ಲಿ ಒಂದು ನಂಬರು ಯಾರಿಗೆ ಬಾಯಿಪಾಠ ಇರುತ್ತದೆ?

ಆ ಆಫೀಸಿನ ಕೆಲಸ ಇಷ್ಟು. ಪ್ರತಿ ರೋಗಿಯಿಂದ ಎರಡು ಸಲ ರಕ್ತ. ವಿನಯಾ ಮನೆಗೆ ಹೋಗಿ ತೆಗೆದ ಮೊದಲ ಟ್ಯೂಬಿನಿಂದ ಆ ಮನುಷ್ಯ ಹುಟ್ಟುವಾಗಲೇ ತಂದ ಜೀನ್‌ಗಳನ್ನು ಓದುತ್ತಾರೆ. ಚಿಕಿತ್ಸೆ ಶುರುವಾಗುವ ದಿನ ಆಸ್ಪತ್ರೆಯಲ್ಲಿ ತೆಗೆದ ಎರಡನೇ ಟ್ಯೂಬಿನಿಂದ ಆ ಜೀನ್‌ಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುತ್ತಾರೆ. ಹಳ್ಳಿಮನೆಗಳಲ್ಲಿ ವಿನಯಾ ಇದನ್ನು ಒಲೆಯ ಲೆಕ್ಕದಲ್ಲಿ ಬಿಡಿಸಿ ಹೇಳುತ್ತಿದ್ದಳು. ಮನೆಯಲ್ಲಿ ಎಷ್ಟು ಒಲೆ ಕಟ್ಟಿದೆ ಎಂಬುದು ಒಂದು ಲೆಕ್ಕ, ಇವತ್ತು ಎಷ್ಟು ಒಲೆಗೆ ಬೆಂಕಿ ಹಾಕಿದೆ ಎಂಬುದು ಇನ್ನೊಂದು. ಎರಡನ್ನೂ ಕೂಡಿಸಿ ನೋಡಿದರೆ ಕ್ಯಾನ್ಸರಿನ ಮಾತ್ರೆ ಯಾರ ಮೈಯಲ್ಲಿ ಸರಿಯಾಗಿ ಕರಗಿ ಹೋಗುತ್ತದೆ, ಯಾರ ಮೈಯಲ್ಲಿ ಕರಗದೆ ಉಳಿದು ವಿಷವಾಗುತ್ತದೆ ಎಂದು ಮೊದಲೇ ಹೇಳಬಹುದು. ಎರಡನೇ ಟ್ಯೂಬುಗಳ ಪರೀಕ್ಷೆ ದುಬಾರಿ, ಎಲ್ಲವನ್ನೂ ಒಟ್ಟು ಮಾಡಿ ಒಂದೇ ಸಲ ಕಳುಹಿಸಿದ್ದರಿಂದ ಫಲಿತಾಂಶ ಈಗಷ್ಟೇ ಬಂದಿತ್ತು.

"ಕಾಣಿ," ಎಂದ ವಿಶಾಲ್, ಪರದೆಯ ಮೇಲೆ ಬೆರಳಿಟ್ಟು. "ಮಾತ್ರಿ ಕರ್ಗಿಸು ಜೀನ್ ಇದ್. ಮೊದಲ್ನೇ ಟ್ಯೂಬಂಗೆ ಪೂರಾ ಸಮ ಇತ್ತ್. ಎರಡ್ನೇದ್ರಂಗೆ ಅರ್ಧ ಒಲಿಯೇ ಇಲ್ಲೆ. ಎಂತಾ ಕಥಿ ಅಂದೇಳಿ ಬಾಕಿ ಜೀನೆಲ್ಲ ಹೋಲ್ಸಿ ಕಂಡೆ. ಎರಡ್ ಟ್ಯೂಬ್ ಒಬ್ರದ್ದೇ ಅಲ್ಲ."

"ಯಾರದ್ದೋ ಬೇರೆಯವರದ್ದಾ?"

"ಅದೇ ತಮಾಷಿ. ಪೂರ್ತಿ ಬೇರೆಯವ್ರದ್ದೂ ಅಲ್ಲ. ಒಡಹುಟ್ಟಿದವ್ರದ್ದ್. ಅಕ್ಕ ತಂಗಿ ಲೆಕ್ಕ."

ಕೆಳಗೆ ಟೈಲ್ಸ್ ಕತ್ತರಿಸುವ ಯಂತ್ರ ಕಿರ್ರೆಂದಿತು.

"ಯಾವ್ ಟ್ಯೂಬ್ ತಪ್ಪು ಅಂದೇಳಿ ಕಂಪ್ಯೂಟರ್ ಹೇಳುದಿಲ್ಲೆ," ವಿಶಾಲ್ ಮುಂದುವರಿಸಿದ. "ಮೊದಲ್ನೇದ್ ನೀವ್ ತೆಗ್ದದ್ದ್, ಅದ್ ತಪ್ಪುಕೆ ಸಾಧ್ಯ ಇಲ್ಲೆ. ಆಸ್ಪತ್ರಿಯಂಗೇ ಎಂತದೋ ಮಾಡ್ಕಂಡಿದ್ರ್. ತಂಗಿ ಜೊತಿಗ್ ಬಂದಿಪ್ಳ್, ಆ ನರ್ಸ್ ಅವ್ಳ್ ಕೈಯಿಂದ ತೆಗ್ದಿಪ್ಳ್. ಸಾವ್ರ ಗಲಾಟಿ ಅಲ್ದಾ ಅಲ್ಲಿ? ನಾನ್ ನಲ್ವತ್ತೇಳನ್ನ್ ಪಟ್ಟಿಯಿಂದ ತೆಗ್ದ್ ಬಿಡ್ತೆ. ವರದಿಯಂಗೆ ಒಂದ್ ಸಾಲ್ ಬರ್ದ್ರೆ ಆಯ್ತ್."

ಒಂದು ಸಾಲು. ಅಷ್ಟಕ್ಕೇ ಮುಗಿಯುತ್ತಿತ್ತು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ಅಲ್ಲಾಡಿಸದೆ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆ ನರ್ಸ್ ಪುಷ್ಪ ವಿನಯಾಳಿಗೆ ಗೊತ್ತಿದ್ದವಳೇ, ಮದುವೆಗೆ ಕರೆದು ಊಟ ಹಾಕಿದವಳು. ವಿನಯಾ ಸುಮ್ಮನೆ ನಿಂತಳು. ಆಮೇಲೆ ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದಳು. ತನ್ನ ಬಗ್ಗೆ ತನಗೇ ಹೇಸಿಗೆ ಬಂದದ್ದು ಆ ಲೋಟ ನೀರು ಕುಡಿಯುವಾಗ.

ಕಳೆದ ಆಷಾಢದ ಆ ದಿನ ಅವಳಿಗೆ ಗಂಟೆ ಸಮೇತ ನೆನಪಿತ್ತು. ಸೀತುವಿಗೆ ಕರುಳಿನ ಗಡ್ಡೆ ತೆಗೆದು ಮೂರು ವಾರವಾಗಿತ್ತು. ಬೀಜಾಡಿಯಲ್ಲಿ ಕಡಲಿಗೆ ಹತ್ತಿರದ ಸಣ್ಣ ಮನೆ, ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಐವತ್ತೆರಡರ ಹೆಂಗಸು, ಇಪ್ಪತ್ತೈದು ವರ್ಷ ಬುಟ್ಟಿ ಹೊತ್ತು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಗಂಟಲು ಹರಿದು ಕೂಗಿ ಮಾರಿದವಳು, ಆಗ ಒಣಗಿದ ಬೈಗೆ ಮೀನಿನ ಹಾಗಾಗಿದ್ದಳು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ವಿನಯಾ ಸೂಜಿ ಚುಚ್ಚಿದಳು. ನರ ಸಿಗಲಿಲ್ಲ. ಇನ್ನೊಂದು ಕೈ. ಅಲ್ಲೂ ಇಲ್ಲ. ಎರಡು ಸಲ ಸಿಗದಿದ್ದರೆ ಬಿಟ್ಟು ಇನ್ನೊಂದು ದಿನ ಬರಬೇಕೆಂಬುದು ನಿಯಮ. ಬೀಜಾಡಿಗೆ ಮತ್ತೆ ಬರುವುದೆಂದರೆ ಅರ್ಧ ದಿನ. ಅವತ್ತೇ ಬಿಜೂರಿನಲ್ಲಿ ಎರಡು ಮನೆ ಬಾಕಿ, ಐಸ್ ಕರಗುತ್ತಿತ್ತು, ಮಳೆ ಬೇರೆ. ಮೂರನೇ ಸಲ ಚುಚ್ಚಿದಳು. ಸೀತು ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡಳು.

ಆಗ ತಂಗಿ ಜಲಜ ಒಳಗಿನಿಂದ ಬಂದಳು. ಅಕ್ಕನ ಆರೈಕೆಗೆಂದು ಬೈಂದೂರು ಕಡೆಯ ಗಂಡನ ಮನೆ ಬಿಟ್ಟು ಬಂದು ತಿಂಗಳಾಗಿತ್ತು. ಬಂದವಳೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಕ್ಕನ ಪಕ್ಕ ಕುಳಿತು ತನ್ನ ದಪ್ಪ ಕೈಯನ್ನು ಮುಂದೆ ಚಾಚಿದಳು.

"ಅವ್ಳ್ ಜೀವ ತಿಂಬುದ್ ಸಾಕ್ ಮಾರಾಯ್ತಿ. ನನ್ನ ಕೈಯಂಗೆ ಎಷ್ಟ್ ಬೇಕಾರೂ ತೆಕ್ಕಣಿ. ಒಂದೇ ಹೊಟ್ಟಿಯಂಗೆ ಹುಟ್ಟಿದ್ದ್, ಒಂದೇ ಬಳಿ. ರಕ್ತ ಬೇರಿ ಇರುತ್ತಾ?"

ಕಡಲ ದಂಡೆಯ ಮನೆಗಳಲ್ಲಿ ಬಳಿ ಎಂಬುದು ತಾಯಿಯಿಂದ ಬರುವುದು. ಒಂದೇ ಬಳಿಯವರು ಎಲ್ಲೇ ಇರಲಿ, ಒಂದೇ ರಕ್ತ, ಅಣ್ಣತಂಗಿಯರ ಲೆಕ್ಕ, ಮದುವೆ ಮಾಡುವ ಹಾಗಿಲ್ಲ. ಕೋಟೇಶ್ವರದ ವಿನಯಾಳೂ ಅದೇ ನೀರು ಕುಡಿದು ಬೆಳೆದವಳು. ಅವಳ ಅಣ್ಣನಿಗೆ ನೋಡಿದ್ದ ಒಳ್ಳೆಯ ಸಂಬಂಧ ಬಳಿ ಒಂದೇ ಎಂದು ಗೊತ್ತಾದ ದಿನವೇ ಮುರಿದು ಬಿದ್ದಿತ್ತು. "ರಕ್ತ ರಕ್ತಕ್ಕೆ ಕೊಡುಕೆ ಆತಿಲ್ಲೆ ಮಗಾ," ಎಂದು ಅಜ್ಜಿ ಹೇಳಿದ್ದು ಅವಳ ಕಿವಿಯಲ್ಲಿತ್ತು. ಅದರ ಪಕ್ಕದಲ್ಲೇ ಡಾಕ್ಟರ್ ಶ್ರೀಲತಾ ಹೇಳಿಕೊಟ್ಟ ಪಾಠವೂ ಇತ್ತು, ಒಡಹುಟ್ಟಿದವರಲ್ಲೂ ಅರ್ಧಕ್ಕರ್ಧ ಬೇರೆ ಇರುತ್ತದೆ ಎಂದು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿ ಅವಳಿಗೆ ಇರಲಿಲ್ಲ. ಅಜ್ಜಿಯ ಮಾತು ಅವತ್ತು ಅನುಕೂಲವಾಗಿ ಕಂಡಿತು, ಅಷ್ಟೇ. ಇದೇನು ಚಿಕಿತ್ಸೆಯಾ, ಬರೀ ಅಧ್ಯಯನ, ಇನ್ನೂರರಲ್ಲಿ ಒಂದು ಟ್ಯೂಬು ಎಂದುಕೊಂಡು ಜಲಜಳ ಕೈಗೆ ಪಟ್ಟಿ ಕಟ್ಟಿದಳು. ರಕ್ತ ನಲ್ಲಿ ಬಿಟ್ಟ ಹಾಗೆ ಬಂತು. ಚೀಟಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಸೀತು, ೪೭' ಎಂದು ಬರೆದು ಅಂಟಿಸಿದಳು.

ಅದು ಬರೀ ಅಧ್ಯಯನವಾಗಿಯೇ ಉಳಿದಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತೇನೋ. ಒಂದೇ ತಿಂಗಳಲ್ಲಿ ನಿಯಮ ಬದಲಾಯಿತು. ಮಾತ್ರೆ ಕರಗಿಸುವ ಆ ಒಂದು ಜೀನಿನ ಫಲಿತಾಂಶವನ್ನು ಚಿಕಿತ್ಸೆ ಕೊಡುವ ಡಾಕ್ಟರಿಗೂ ತಿಳಿಸಬೇಕು, ರೋಗಿಗೆ ಉಪಯೋಗವಾಗಲಿ ಎಂದು ಸಮಿತಿ ತೀರ್ಮಾನಿಸಿತು. ಒಳ್ಳೆಯ ತೀರ್ಮಾನವೇ. ಅವತ್ತು ಮೀಟಿಂಗಿನಲ್ಲಿ ವಿನಯಾಳ ಬಾಯಿ ಎರಡು ಸಲ ತೆರೆದುಕೊಂಡಿತು, ಎರಡು ಸಲವೂ ಚಹಾ ಕುಡಿಯಲಿಕ್ಕೆ. ಎಲ್ಲರೂ ನಂಬಿದ ಹೆಸರು ಒಂದು ಟ್ಯೂಬಿಗೆ ಹೋಗುವುದೇ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಸೀತುವಿನ ಹೆಸರಿನಲ್ಲಿ ವರದಿ ಹೋಯಿತು: ಜೀನ್ ಸಮವಾಗಿದೆ, ಪೂರ್ತಿ ಪ್ರಮಾಣ ಕೊಡಬಹುದು.

ಕೊಟ್ಟರು. ಎಂಟನೇ ದಿನಕ್ಕೆ ಸೀತುವಿನ ಬಾಯಿಯೊಳಗೆಲ್ಲ ಹುಣ್ಣು, ಭೇದಿ ನಿಲ್ಲಲಿಲ್ಲ, ಜ್ವರ ಏರಿತು. ಹನ್ನೊಂದು ದಿನ ಐಸಿಯು. ಅದೇ ವಾರ ಆ ಕೇರಿಯಲ್ಲಿ ಇಬ್ಬರಿಗೆ ಇಲಿಜ್ವರ ಬಂದಿತ್ತು. ಮಾತ್ರೆಯಿಂದಲೇ ಆದದ್ದೋ ಎಂದು ಡಾಕ್ಟರು ಒಂದು ಕ್ಷಣ ಯೋಚಿಸಿ ವರದಿ ನೋಡಿದರು, ಜೀನ್ ಸಮ ಇತ್ತು. ಹಾಗಾದರೆ ಇಲಿಜ್ವರವೇ ಇರಬೇಕೆಂದು ಬರೆದರು. ವಿನಯಾಳೂ ಇಲಿಜ್ವರವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ದೇವರಿಗೆ ಕೈ ಮುಗಿಯುವಾಗ ಕೂಡ ಇಲಿಜ್ವರವೇ ಆಗಿರಲಿ ಎಂದು ಬೇಡಿದಳು. ಸೀತು ಬದುಕಿದಳು, ಮೈ ಸೋತದ್ದರಿಂದ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿದರು. ಅಂಗೈ, ಬೆರಳ ತುದಿಯ ಚರ್ಮ ಮಾತ್ರ ಹಾಳೆ ಹಾಳೆಯಾಗಿ ಸುಲಿದು ಹೋಯಿತು.

ಲೋಟ ಕೆಳಗಿಟ್ಟು ಹೊರಗೆ ಬರುವಾಗ ಅವಳ ಫೋನು ಹೊಡೆದುಕೊಂಡಿತು. ಜಲಜ. ಇಂಥ ದಿನ ಇಂಥವರೇ ಫೋನು ಮಾಡುವುದು.

"ವಿನಯಮ್ಮ, ನಾನ್ ಬೀಜಾಡಿ ಜಲಜ. ಒಂದ್ ಉಪಕಾರ ಆಯ್ಕಿತ್ತಲೆ. ಅಕ್ಕನ್ ಪಿತ್ತಕೋಶದ್ ಹತ್ರ ಮತ್ತೊಂದ್ ಚುಕ್ಕಿ ಕಾಂತ್ ಗಡ. ಹೊಸ ಡಾಕ್ಟ್ರ್ ಬಂದಿದ್ರ್, ಸೋಮವಾರದಿಂದ ಅದೇ ಮಾತ್ರಿ ಸುರು ಮಾಡ್ತ್ರಂಬ್ರ್. ಹೋದ್ ಸರ್ತಿ ಆದದ್ ಇಲಿಜ್ವರ, ರಕ್ತದ್ ರಿಪೋರ್ಟ್ ಲಾಯ್ಕಿತ್ತಲೆ, ಹೆದ್ರುದ್ ಬ್ಯಾಡ ಅಂದ್ರ್. ಆ ರಿಪೋರ್ಟ್ ಮಳಿಯಂಗೆ ಚಂಡಿ ಆಯಿ ಹೋಯ್ತ್. ಇನ್ನೊಂದ್ ಕಾಪಿ ಕೊಡ್ತ್ರ್ಯಾ?"

"ಸೋಮವಾರವಾ?" ಎಂದಳು ವಿನಯಾ.

"ಹೌದ್. ಎಂತಕೆ? ರಜಿಯಾ ನಿಮ್ಗೆ?"

"ಇಲ್ಲೆ. ಕೊಡ್ತೆ. ನಾನೇ ಬತ್ತೆ."

ಫೋನು ಇಟ್ಟ ಮೇಲೂ ಅವಳು ನೇರ ದಾರಿಗೆ ಬರಲಿಲ್ಲ. ಮನುಷ್ಯರ ಜಾತಿಯೇ ಅಂಥದ್ದು, ಕೊನೆಯ ಬಸ್ಸು ಹೊರಡುವ ತನಕ ನಡೆದು ಹೋಗುವ ಲೆಕ್ಕ ಹಾಕುತ್ತಿರುತ್ತದೆ. ಡಾಕ್ಟರ್ ಶ್ರೀಲತಾರ ಕೋಣೆಗೆ ಹೋಗಿ, ನಲವತ್ತೇಳರ ಫಲಿತಾಂಶದಲ್ಲಿ ಏನೋ ಹೊಂದಾಣಿಕೆ ಇಲ್ಲವಂತೆ, ಮಾತ್ರೆ ತಡೆಯುವುದು ಒಳ್ಳೆಯದು ಮೇಡಂ ಎಂದಳು. ತಪ್ಪು ಯಾರದೆಂದು ಹೇಳದೆ ಸೀತುವನ್ನು ಉಳಿಸಿಬಿಡುವ ಯೋಚನೆ.

ಡಾಕ್ಟರ್ ಶ್ರೀಲತಾ ವಿಶಾಲನನ್ನು ಕರೆದು ಪರದೆ ನೋಡಿದರು. "ಎರಡನೇ ಟ್ಯೂಬು ತಪ್ಪಾದರೆ ಮೊದಲ ವರದಿ ಸರಿಯೇ ಇದೆ. ಹಾಗಿದ್ದರೆ ಮಾತ್ರೆ ತಡೆಯಬೇಕಾಗಿಲ್ಲ. ಅವರಿಗೆ ಆ ಮಾತ್ರೆ ಈಗ ಬೇಕೇ ಬೇಕು, ಸುಮ್ಮನೆ ತಡೆದರೂ ಅಪಾಯವೇ," ಎಂದರು. "ಆಸ್ಪತ್ರೆಗೆ ಬರೆಯೋಣ. ಆ ದಿನ ಯಾರು ರಕ್ತ ತೆಗೆದದ್ದು ಎಂದು ವಿಚಾರಿಸಲಿ."

"ಪುಷ್ಪ ತೆಗ್ದದ್ದ್ ಗಡ," ಎಂದ ವಿಶಾಲ್.

"ಪುಷ್ಪನ ತಪ್ಪಲ್ಲ," ಎಂದಳು ವಿನಯಾ. ಸ್ವರ ತೀರ ಸಣ್ಣದಾಗಿತ್ತು. "ಮೊದಲನೇ ಟ್ಯೂಬು ಸೀತುವಿನದ್ದಲ್ಲ. ಅವರ ತಂಗಿಯದ್ದು. ನರ ಸಿಗಲಿಲ್ಲ. ತಂಗಿ ಕೈ ಕೊಟ್ಟರು. ನಾನು ತೆಗೆದೆ. ಗೊತ್ತಿದ್ದೇ ತೆಗೆದೆ."

ವಿಶಾಲ್ ನೆಲ ನೋಡಿದ. ಡಾಕ್ಟರ್ ಶ್ರೀಲತಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಫೋನು ತೆಗೆದು ಆಸ್ಪತ್ರೆಯ ಹೊಸ ಡಾಕ್ಟರಿಗೆ ಅಲ್ಲೇ ಮಾತಾಡಿದರು. ಸೋಮವಾರದ ಮಾತ್ರೆ ನಿಂತಿತು. ಆಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: "ಸೀತುವಿನ ಹೊಸ ರಕ್ತ ನಾಳೆ ಮಧ್ಯಾಹ್ನದೊಳಗೆ ಇಲ್ಲಿರಬೇಕು. ಅರ್ಧ ಪ್ರಮಾಣದಲ್ಲಿ ಶುರು ಮಾಡಬೇಕಾದರೂ ಫಲಿತಾಂಶ ಕೈಯಲ್ಲಿರಬೇಕು. ಬೇರೆ ಯಾರೂ ಸಿಗುವುದಿಲ್ಲ, ನೀವೇ ಹೋಗಿ. ನೀವು ಇಲ್ಲಿಗೆ ತರುವ ಕೊನೆಯ ಟ್ಯೂಬು ಅದು. ಮತ್ತೆ, ಆಕೆಗೆ ನಡೆದದ್ದನ್ನೆಲ್ಲ ನೀವೇ ಹೇಳಬೇಕು. ಅವಳ ಮಗಳನ್ನೂ ಪರೀಕ್ಷೆ ಮಾಡಿಸಬೇಕಾಗುತ್ತದೆ, ಇದು ಮಕ್ಕಳಿಗೂ ಬಂದಿರಬಹುದು."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಿನಯಾ ಬೀಜಾಡಿಯಲ್ಲಿದ್ದಳು. ಅದೇ ಚಾವಡಿ. ಸೀತು ಮಣೆಯ ಮೇಲೆ ಕುಳಿತು ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ಮಾಡುತ್ತಿದ್ದಳು ಎನ್ನುವುದಕ್ಕಿಂತ ಮೀನಿನ ಜೊತೆ ಜಗಳಾಡುತ್ತಿದ್ದಳು ಎನ್ನಬೇಕು. ಹಿಡಿದ ಮೀನು ಬೆರಳಿನಿಂದ ಜಾರಿ ಜಾರಿ ಬೋಗುಣಿಗೆ ಬೀಳುತ್ತಿತ್ತು. ಕಿವಿರು ಒತ್ತಿ ನೋಡಿ ಬಲೆಗೆ ಬಿದ್ದದ್ದು ಇವತ್ತೋ ನಿನ್ನೆಯೋ ಎಂದು ಹೇಳುತ್ತಿದ್ದ ಕೈ ಅದು.

"ಬಾ ಹೆಣ್ಣೇ, ಕೂಕೊ. ಜಲಜ ಕೋಟೇಶ್ವರ ಪೇಟಿಗ್ ಹೋಯಿದ್ಳ್, ಈಗ ಬತ್ತ್ಳ್. ರಿಪೋರ್ಟ್ ತಂದ್ಯಾ?"

ವಿನಯಾ ಕುಳಿತುಕೊಂಡಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಒಂದೂ ನೆನಪಾಗಲಿಲ್ಲ. ಆಷಾಢದಿಂದ ಶುರುಮಾಡಿ ಹೇಳಿದಳು. ಜಲಜಳ ರಕ್ತ, ಸೀತುವಿನ ಹೆಸರು, ಮೀಟಿಂಗು, ವರದಿ, ಐಸಿಯು. ಇಲಿಜ್ವರವೇ ಆಗಿರಲಿ ಎಂದು ಬೇಡಿಕೊಂಡದ್ದನ್ನೂ ಬಿಡದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು, ಅತ್ತದ್ದಕ್ಕೆ ನಾಚಿಕೆಪಟ್ಟಳು. ಸೀತುವಿನ ಮಗಳು ಪ್ರಣೀತಾಳನ್ನೂ ಒಂದು ಸಲ ಪರೀಕ್ಷೆ ಮಾಡಿಸಬೇಕು ಎಂದು ಮುಗಿಸಿದಳು.

ಸೀತು ಕತ್ತಿ ಕೆಳಗಿಟ್ಟಳು. ತನ್ನ ಅಂಗೈಯನ್ನು ತಿರುಗಿಸಿ ನೋಡಿದಳು.

"ಅವತ್ ನಾನೂ ಕಂಡಿದ್ನಲೆ," ಎಂದಳು. "ನಾನೂ ಬ್ಯಾಡ ಅಂದಿಲ್ಲೆ. ಚುಚ್ಚುದ್ ತಪ್ಪಿತ್ ಅಂದೇಳಿ ಒಳಗೊಳ್ಗೇ ಖುಷಿಯೇ ಆಯ್ತ್. ನಂಗ್ ಗೊತ್ತಿಲ್ಲೆ, ಜಲಜಂಗ್ ಗೊತ್ತಿಲ್ಲೆ." ಮುಖ ಎತ್ತಿ ಹೇಳಿದಳು, "ನಿಂಗ್ ಗೊತ್ತಿತ್ತ್."

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಮಾರ್ಕೆಟ್ಟಿನಲ್ಲಿ ಈ ಮೀನು ಹಳತು ಎಂದು ಹೇಳುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ವಿನಯಾ "ಹೌದು" ಎಂದಳು.

"ಆತ್ತ್. ಈಗ ರಕ್ತ ತೆಗಿ. ಒಂದ್ ಮಾತ್ ಕೇಣ್. ಜಲಜಂಗ್ ಹೇಳ್ಬೇಡ."

"ಸೀತಕ್ಕ, ಅವರಿಗೂ ಸತ್ಯ ಹೇಳ್ಕಲ್ದಾ?"

"ಹೇಳ್ರೆ ನೀನ್ ಹಗುರ ಆತ್ತೆ, ಅವ್ಳ್ ಸಾಯ್ತ್ಳ್. ನನ್ನ ರಕ್ತ ಕೊಟ್ಟದ್ದಕ್ಕೇ ಅಕ್ಕ ಬದ್ಕಿದ್ದ್ ಅಂದೇಳಿ ಬೈಂದೂರ್ ತನ್ಕ ಹೇಳ್ಕಂಡ್ ಬಂದಿದ್ಳ್ ಅವ್ಳ್. ಮಾತ್ರಿ ಯಾಕ್ ನಿಂತ್ ಅಂದ್ರೆ ನಾನ್ ಎಂತಾರೂ ಹೇಳ್ತೆ. ನೀನ್ ಹೊತ್ಕೋ, ಹೆಣ್ಣೇ. ನಾನ್ ಈ ಕೈ ಹೊತ್ಕಂಡ್ ಇಲ್ಯಾ?"

ವಿನಯಾ ಒಳಗೆ ಹೋಗಿ ನೀರು ಬಿಸಿ ಮಾಡಿದಳು. ಬಟ್ಟೆ ಅದ್ದಿ ಹಿಂಡಿ ಸೀತುವಿನ ಮೊಣಕೈಗೆ ಸುತ್ತಿ, ಕೈಯನ್ನು ಚಾವಡಿಯ ಅಂಚಿನಿಂದ ಕೆಳಗೆ ಇಳಿಬಿಡಿಸಿ ಕಾದಳು. ಅವಸರ ಮಾಡಲಿಲ್ಲ. ಇಷ್ಟು ಸಣ್ಣ ಉಪಾಯ ಅವತ್ತೂ ಗೊತ್ತಿತ್ತು, ಮೊದಲ ವಾರದ ಟ್ರೇನಿಂಗಿನಲ್ಲೇ ಕಲಿಸಿದ್ದರು.

ಅಷ್ಟರಲ್ಲಿ ಜಲಜ ಬಂದಳು, ಬಿಸಿಲಿಗೆ ಕೆಂಪಾಗಿ, ಕೈಯಲ್ಲಿ ಎರಡು ಚೀಲ. ವಿನಯಾಳನ್ನು ಕಂಡದ್ದೇ ಮುಖ ಅಗಲವಾಯಿತು. ಒಂದು ಚೀಲ ತೆಗೆದು ಅವಳ ಸ್ಕೂಟರಿನ ಹ್ಯಾಂಡಲ್ಲಿಗೇ ಸಿಕ್ಕಿಸಿದಳು. "ಕಾಣೆ ಮೀನ್. ನಿಮ್ಗೇ ಅಂದೇಳಿ ತಂದದ್ದ್. ಬ್ಯಾಡ ಅಂಬುಕಿಲ್ಲೆ. ನಿಮ್ ಉಪಕಾರ ನಾವ್ ಮರೂಕಾಗ." ಆಮೇಲೆ ಸೂಜಿ, ಟ್ಯೂಬು, ಅಕ್ಕನ ಕೈಗೆ ಸುತ್ತಿದ ಬಟ್ಟೆ ಎಲ್ಲ ಕಣ್ಣಿಗೆ ಬಿತ್ತು. "ಎಂತಾ, ಮತ್ತೆ ರಕ್ತವಾ? ಅವ್ಳಿಗ್ ಎಂತಕೆ ಚುಚ್ಚುದ್?" ಎನ್ನುತ್ತಲೇ ಚೀಲ ಬಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಕ್ಕನ ಪಕ್ಕದಲ್ಲಿ ಕುಳಿತು ಕೈ ಚಾಚಿದಳು.

ಅದೇ ಕೈ. ದಪ್ಪಗೆ, ನರ ಎದ್ದು ಕಾಣುವ, ಯಾವ ಲೆಕ್ಕಾಚಾರವೂ ಇಲ್ಲದ ಕೈ.

"ಈ ಸರ್ತಿ ಅವರದ್ದೇ ಬೇಕು ಜಲಜಕ್ಕ," ಎಂದಳು ವಿನಯಾ.

"ಆ ಸರ್ತಿ ಆಪುದ್, ಈ ಸರ್ತಿ ಆಪುದಿಲ್ಯಾ? ನನ್ನ ರಕ್ತಕ್ಕ್ ಎಂತ ಆಯ್ತ್? ಹಾಳಾಯ್ತಾ?" ಜಲಜಳಿಗೆ ನಿಜವಾಗಿಯೂ ಬೇಜಾರಾಗಿತ್ತು.

"ಎಂತದೂ ಆಯ್ಲಿಲ್ಲೆ. ನಿಮ್ಮ ರಕ್ತ ಭಾರೀ ಒಳ್ಳೆದಿತ್ತ್." ಅದಕ್ಕಿಂತ ಸತ್ಯವಾದ ಮಾತನ್ನು ವಿನಯಾ ಆ ಮನೆಯಲ್ಲಿ ಆಡಿರಲಿಲ್ಲ. ಆ ಒಳ್ಳೆಯ ರಕ್ತದ ವರದಿ ನಂಬಿಯೇ ಅಕ್ಕನಿಗೆ ಪೂರ್ತಿ ಮಾತ್ರೆ ಕೊಟ್ಟದ್ದು.

"ನಿನ್ ಕೈ ತೆಗಿ ಮಾರಾಯ್ತಿ," ಎಂದಳು ಸೀತು. "ಪ್ರತಿ ಸರ್ತಿ ನಿನ್ನದ್ದೇ ತೆಗುಕೆ ನೀನೆಂತ ಹಾಲ್ ಕೊಡು ದನವಾ?"

ಜಲಜ ನಕ್ಕಳು. ಕೈ ಹಿಂದೆ ತೆಗೆದುಕೊಂಡಳು.

ವಿನಯಾ ಬಟ್ಟೆ ಬಿಚ್ಚಿದಳು. ಮೊಣಕೈಯ ಒಳಗೆ ತೆಳ್ಳಗಿನ ನೀಲಿ ಗೆರೆಯೊಂದು ಮೇಲೆದ್ದಿತ್ತು. ಒಂದೇ ಸಲ ಚುಚ್ಚಿದಳು. ರಕ್ತ ಬಂತು, ನಿಧಾನಕ್ಕೆ, ಆದರೆ ನಿಲ್ಲದೆ. ಗೋಡೆಯ ಗಡಿಯಾರ ನೋಡಿದಳು. ಬಿಸಿನೀರು ಇಟ್ಟಲ್ಲಿಂದ ಹದಿನೈದು ನಿಮಿಷ. ಅವತ್ತು ಈ ಹದಿನೈದು ನಿಮಿಷವನ್ನು ಅವಳು ಈ ಹೆಂಗಸಿಗೆ ಕೊಟ್ಟಿರಲಿಲ್ಲ. ಟ್ಯೂಬು ತುಂಬಿದ ಮೇಲೆ ಚೀಟಿ ಬರೆದು ಅಂಟಿಸಿದಳು.

ಒಪ್ಪಿಗೆ ಪತ್ರ ತೆಗೆದು ಶಾಯಿಯ ಡಬ್ಬದ ಮುಚ್ಚಳ ಬಿಚ್ಚಿದಳು. ಸೀತು ಹೆಬ್ಬೆಟ್ಟು ಒತ್ತಿದಳು. ನೀಲಿ ಬೊಟ್ಟು ಮೂಡಿತು, ಬರೀ ಬೊಟ್ಟು. ಶಾಯಿ ಹೆಚ್ಚಾಯಿತೇನೋ ಎಂದು ಒರೆಸಿ ಇನ್ನೊಮ್ಮೆ ಒತ್ತಿಸಿದಳು. ಮತ್ತೆ ಹಾಗೆಯೇ.

"ಎಷ್ಟ್ ಒತ್ತಿರೂ ಅಷ್ಟೇ," ಎಂದಳು ಜಲಜ ಮೀನಿನ ಬೋಗುಣಿ ಎತ್ತುತ್ತಾ. "ಸೊಸೈಟಿಯಂಗೆ ಅಕ್ಕಿ ಕೊಡು ಮಿಷನ್ನೂ ಅವ್ಳ್ ಹೆಬ್ಬೆಟ್ಟ್ ತಕಂತಿಲ್ಲೆ. ಇಲಿಜ್ವರ ಎಂತೆಂತ ಮಾಡ್ತ್ ಕಾಣಿ."

ಸೀತು ವಿನಯಾಳ ಮುಖ ನೋಡಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡಳು.

ಹನ್ನೊಂದೂವರೆಗೆ ವಿನಯಾ ಬ್ರಹ್ಮಾವರದ ಮೆಟ್ಟಿಲು ಹತ್ತಿದಳು. ಕಾಣೆ ಮೀನಿನ ಚೀಲ ಹ್ಯಾಂಡಲ್ಲಿನಲ್ಲೇ ನೇತಾಡುತ್ತಿತ್ತು, ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ, ಎಸೆಯಲೂ ಬರಲಿಲ್ಲ. ವಿಶಾಲ್ ಟ್ಯೂಬು ತೆಗೆದುಕೊಂಡ. ಚೀಟಿ ಓದಿದ, ಒಪ್ಪಿಗೆ ಪತ್ರದ ಜೊತೆ ಹೋಲಿಸಿ ಇನ್ನೊಮ್ಮೆ ಓದಿದ. ವಿನಯಾಳ ಚೀಟಿಯನ್ನು ಆ ಆಫೀಸಿನಲ್ಲಿ ಎರಡನೇ ಸಲ ಓದಿದ್ದು ಅದೇ ಮೊದಲು. ಅವನು ನಲವತ್ತೇಳರ ಫೈಲು ಬಿಚ್ಚಿ ಹಳೆಯ ಪತ್ರದ ಪಕ್ಕದಲ್ಲಿ ಹೊಸದನ್ನು ಇಟ್ಟ. ಹಳೆಯದರಲ್ಲಿ ಆಷಾಢದ ಹೆಬ್ಬೆಟ್ಟು, ಸುತ್ತು ಸುತ್ತಾದ ಗೆರೆ ಒಂದೊಂದೂ ಎಣಿಸುವ ಹಾಗೆ ಸ್ಪಷ್ಟವಾಗಿತ್ತು.

"ವಿನಯಕ್ಕ," ಎಂದ ಸಂಕೋಚದಲ್ಲಿ, "ಈ ಹೆಬ್ಬೆಟ್ಟ್ ಸಮ ಬರ್ಲಿಲ್ಲೆ. ಗೆರಿಯೇ ಇಲ್ಲೆ. ಇದ್ ಅವ್ರದ್ದೇ ಅಂದೇಳಿ ಹ್ಯಾಂಗ್ ಹೇಳುದ್?"

"ಅವರದ್ದೇ," ಎಂದಳು ವಿನಯಾ. "ಗೆರೆ ನಾನು ಅಳಿಸಿದ್ದು. ಹಾಗೆಯೇ ಬರೆದುಕೋ."

ಅವನು ಏನು ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ಕುಳಿತ. ವಿನಯಾ ಪೆನ್ನು ತೆಗೆದುಕೊಂಡು ತಾನೇ ಬರೆದು ಕೆಳಗೆ ಸಹಿ ಹಾಕಿದಳು. ಕೆಳಗಿಳಿದು ಸ್ಕೂಟರು ಹತ್ತುವಾಗ ಫೋನಿನಲ್ಲಿ ಜಲಜಳ ಸಂದೇಶ ಬಂದಿತ್ತು, ಕಾಣೆಗೆ ಹುಳಿ ಕಡಿಮೆ ಹಾಕಿ ಎಂದು.